ಗಾಳಿ ಬಿಟ್ಟ ಟೈರಿನ ಪರವಾಗಿ

ಮಾನ್ಯ ವಾಹನ ಸುರಕ್ಷತಾ ಮುಖ್ಯಾಧಿಕಾರಿಗಳೇ,

ನಮ್ಮ ಐಸ್‌ಲ್ಯಾಂಡಿನಲ್ಲಿ ಯಾರೂ ಯಾರನ್ನೂ ಮಾನ್ಯರೇ ಎನ್ನುವುದಿಲ್ಲ. ಮಂತ್ರಿಯನ್ನೂ ಹೆಸರು ಹಿಡಿದೇ ಕರೆಯುತ್ತೇವೆ, ಬಿಷಪ್ಪರನ್ನೂ ಹಾಗೆಯೇ. ಆದ್ದರಿಂದ ಇಲ್ಲಿನ ಹೆಂಗಸೊಬ್ಬಳು ನಿಮ್ಮನ್ನು ಮಾನ್ಯರೇ ಎಂದರೆ ಅವಳಿಗೆ ಸಿಟ್ಟು ನೆತ್ತಿಗೇರಿದೆ ಎಂದು ತಿಳಿಯಿರಿ. ವಿಷಯ ಇಷ್ಟು. ನಮ್ಮೂರಿನ ಸ್ವಯಂಸೇವಕ ರಕ್ಷಣಾ ಪಡೆಯ ಪಿಕಪ್ ಟ್ರಕ್ಕಿನ ಗಾಜಿಗೆ ನಿಮ್ಮ ಕಚೇರಿ ಕೆಂಪು ಚೀಟಿ ಅಂಟಿಸಿ, ಅದನ್ನು ರಸ್ತೆಗೆ ಇಳಿಸಕೂಡದೆಂದು ಅಪ್ಪಣೆ ಮಾಡಿದೆ. ಟ್ರಕ್ಕಿನ ಅಪರಾಧ, ಟೈರಿನಲ್ಲಿ ಗಾಳಿ ಕಡಿಮೆ ಇದ್ದದ್ದು. ಆ ಟ್ರಕ್ಕಿಲ್ಲದೆ ನನ್ನ ಅಣ್ಣ ಈ ಚಳಿಗಾಲ ದಾಟುವುದಿಲ್ಲ.

ಅಣ್ಣ ಗೇರ್ಮುಂಡುರ್ ಮೀನು ಹಡಗುಗಳಲ್ಲಿ ಅಡುಗೆ ಮಾಡಿ ಹಣ್ಣಾದವನು. ಈಗ ಅವನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು, ಆಸ್ಪತ್ರೆಯಿರುವುದು ಗ್ರಾಹೈದಿ ಬೆಟ್ಟದ ಆಚೆ. ಬೇಸಿಗೆಯಲ್ಲಿ ನನ್ನ ಪುಟ್ಟ ಕಾರೇ ಸಾಕು. ಚಳಿಗಾಲದಲ್ಲಿ ಹಿಮ ತಳ್ಳುವ ಯಂತ್ರ ವಾರಕ್ಕೆ ಎರಡು ಸಲ ಬರುತ್ತದೆ, ಬಿರುಗಾಳಿ ಎದ್ದರೆ ಅದೂ ಇಲ್ಲ. ಆಗ ಪಡೆಯ ಸ್ವಯಂಸೇವಕ, ಮೀನು ಕಾರ್ಖಾನೆಯ ಒಡ್ಡುರ್ ಕೆಲಸಕ್ಕೆ ರಜೆ ಹಾಕಿ, ಬಿಡಿಗಾಸೂ ಪಡೆಯದೆ, ಆ ಟ್ರಕ್ಕಿನಲ್ಲಿ ಅಣ್ಣನನ್ನು ಕರೆದೊಯ್ಯುತ್ತಾನೆ. ಅದರ ಅಗಲವಾದ ದೊಡ್ಡ ಟೈರುಗಳನ್ನು ಕೊಂಡದ್ದು ಹೊಸ ವರ್ಷಕ್ಕೆ ಪಡೆಯವರು ಪಟಾಕಿ ಮಾರಿ ಗಳಿಸಿದ ಹಣದಲ್ಲಿ. ನಿಮ್ಮ ಮನೆಯಂಗಳದಲ್ಲೂ ಆ ರಾತ್ರಿ ನಾಲ್ಕು ಬಾಣ ಹಾರಿರಬೇಕು. ಅಂದಮೇಲೆ ಆ ಟೈರುಗಳಲ್ಲಿ ನಿಮ್ಮದೂ ಒಂದು ಪಾಲಿದೆ, ಮಾನ್ಯರೇ.

ವಾಹನದ ಬಾಗಿಲ ಚೌಕಟ್ಟಿನಲ್ಲಿ ತಯಾರಕರು ನಮೂದಿಸಿದ ಗಾಳಿಯ ಒತ್ತಡವೇ "ಸರ್ವ ಕಾಲದಲ್ಲೂ ಸರ್ವ ಮಾರ್ಗದಲ್ಲೂ ಇರತಕ್ಕದ್ದು" ಎನ್ನುತ್ತದೆ ನಿಮ್ಮ ಹೊಸ ಸುತ್ತೋಲೆ. ಡಾಂಬರು ರಸ್ತೆಯ ಮಟ್ಟಿಗೆ ಅದು ಸರಿಯಾದ ಮಾತು. ಗಾಳಿ ಕಡಿಮೆಯಾದ ಟೈರು ವೇಗವಾಗಿ ಓಡಿದರೆ ಅದರ ಪಕ್ಕಗಳು ಬಾಗಿ ಬಾಗಿ ಕಾದು ಸಿಡಿಯುತ್ತವೆ, ಬಲ್ಲೆ. ಆದರೆ ಗ್ರಾಹೈದಿಯ ಮೇಲೆ ಡಾಂಬರು ಎಲ್ಲಿದೆ? ಆಳುದ್ದ ಹಿಮದ ಕೆಳಗಿದೆ. ಬಿಗಿ ಗಾಳಿಯ ಟೈರು ಹಿಮವನ್ನು ಕೊಯ್ದುಕೊಂಡು ಕೆಳಗಿಳಿಯುತ್ತದೆ, ಟ್ರಕ್ಕು ಹೊಟ್ಟೆಯೂರಿ ನಿಲ್ಲುತ್ತದೆ. ಅದೇ ಟೈರಿನ ಗಾಳಿ ಬಿಟ್ಟರೆ ನಾದಿದ ಹಿಟ್ಟಿನ ಹಾಗೆ ಹರಡಿಕೊಂಡು, ಭಾರವನ್ನು ಹಂಚಿ, ಹಿಮದ ಮೇಲೇ ನಡೆಯುತ್ತದೆ. ಅದಕ್ಕೇ ಬೆಟ್ಟದ ಬುಡದಲ್ಲಿ ನಿಂತು ಗಾಳಿ ಬಿಡುತ್ತೇವೆ, ಆಚೆ ಇಳಿದ ಮೇಲೆ ಮತ್ತೆ ತುಂಬುತ್ತೇವೆ. ನಾನು ಊರಿನ ಈಜುಕೊಳದಲ್ಲಿ ಟಿಕೆಟ್ ಹರಿಯುವವಳು, ಟೈರಿನ ಪಂಡಿತೆಯಲ್ಲ. ಇದನ್ನು ತಿಳಿಯಲು ಪಾಂಡಿತ್ಯ ಬೇಕಾಗಿಯೂ ಇಲ್ಲ, ಇಲ್ಲಿ ಹುಟ್ಟಿದರೆ ಸಾಕು. ನೀವೂ ಇಲ್ಲಿಯೇ ಹುಟ್ಟಿದವರಲ್ಲವೇ?

ಕಳೆದ ತಿಂಗಳು ಬಿರುಗಾಳಿಯಿಂದಾಗಿ ಅಣ್ಣನ ಒಂದು ಸರದಿ ತಪ್ಪಿತು. ಮರುದಿನ ಅವನ ಕಾಲು ಬೂಟಿನೊಳಗೆ ಹೋಗಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಗಾಳಿ ತುಸು ತಗ್ಗಿದ್ದೇ ತಡ, ಹೊರಟೆವು. ದಾರಿಯುದ್ದಕ್ಕೂ ಅವನು ಹಿಮವನ್ನು, ಒಡ್ಡುರ್‌ನನ್ನು, ನನ್ನನ್ನು, ದೇವರನ್ನು ಬೈಯುತ್ತಿದ್ದ. ಬೆಟ್ಟ ಇಳಿಯುವಷ್ಟರಲ್ಲಿ ಬೈಗುಳ ನಿಂತಿತು. ನಾನು ಹಿಂದಕ್ಕೆ ತಿರುಗಿ ಅವನ ಮುಖ ನೋಡಿದೆ. ಗಾಳಿ ತುಂಬುವ ಜಾಗದಲ್ಲಿ ಒಡ್ಡುರ್ ಅಭ್ಯಾಸಬಲದಿಂದ ಬ್ರೇಕು ಒತ್ತಿ ನನ್ನತ್ತ ತಿರುಗಿದ.

"ತುಂಬ್ಲಾ? ನಾಲ್ಕಕ್ಕೂ ತುಂಬೋಕೆ ಅರ್ಧ ಗಂಟೆ ಹಿಡಿಯತ್ತೆ."

"ಅವನ ತುಟಿ ನೋಡು, ನೀಲಿಯಾಗಿದೆ. ನಡಿ. ನಿಧಾನಕ್ಕೆ ನಡಿ."

ಎಚ್ಚರಿಕೆಯ ದೀಪ ಹಾಕಿಕೊಂಡು ಆಮೆಯ ಹಾಗೆ ಆಸ್ಪತ್ರೆ ಸೇರಿದೆವು. ಅಂಗಳದಲ್ಲಿ ನಿಂತಿದ್ದ ನಿಮ್ಮ ತಪಾಸಣೆಗಾರ. ಬೇರೆಯವನಲ್ಲ, ಪಕ್ಕದ ಕೊಲ್ಲಿಯ ಹುಡುಗನೇ.

"ಇದೇನೋ ಒಡ್ಡುರ್, ಟೈರಲ್ಲಿ ಗಾಳೀನೇ ಇಲ್ವಲ್ಲೋ."

"ಬೆಟ್ಟ ಇಳಿದು ಸೀದಾ ಬಂದಿದೀನಿ ಕಣೋ, ಹಿಂದೆ ರೋಗಿ ಇದಾನೆ. ನಿಂಗೆ ಹೇಳ್ಕೊಡ್ಬೇಕಾ ಇದನ್ನ?"

"ಬೇಡ. ನಮ್ಮಪ್ಪನೂ ಹಿಂಗೇ ಬಿಡ್ತಿದ್ದ. ಆದ್ರೆ ಈಗ ನಂಗೆ ಗೊತ್ತಿರೋದಕ್ಕೆ ಬೆಲೆ ಇಲ್ಲ. ಅಳತೆ ಕಮ್ಮಿ ಬಂದ್ರೆ ಚೀಟಿ ಹಚ್ಚು ಅಂದಿದಾರೆ, ಅಷ್ಟೇ."

ಗಾಲಿಕುರ್ಚಿಯಲ್ಲಿ ಕೂರಿಸುತ್ತಿದ್ದಂತೆ ಅಣ್ಣ ಕಣ್ಣು ತೆರೆದ. "ಲೇ ತಮ್ಮಾ," ಎಂದ ಏದುಸಿರಿನಲ್ಲೇ, "ನನ್ನ ಮೈಯಲ್ಲಿ ನೀರು ಜಾಸ್ತಿ ಆಗಿದೆ. ಅದನ್ನೂ ಅಳೆದು ನನ್ನ ಹಣೆಗೊಂದು ಚೀಟಿ ಹಚ್ಚಿಬಿಡು."

ಹುಡುಗ ನಗಲಿಲ್ಲ. ಚೀಟಿ ಅಂಟಿಸಿ, ಕೈಗವಸಿನಿಂದ ಸವರಿ, ನಮ್ಮ ಮುಖ ನೋಡದೆ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ತಿಳಿದವನನ್ನು ತಿಳಿಯದವನ ಹಾಗೆ ನಡೆದುಕೊಳ್ಳುವಂತೆ ಮಾಡಿದವರ ಮೇಲಿದೆ. ನಿಮ್ಮ ಕಚೇರಿಗೆ ನಾನು ಕೃತಜ್ಞಳಾಗಿರುವುದು ಒಂದಕ್ಕೇ, ಅಣ್ಣನ ಬೈಗುಳ ಮರಳಿ ಬಂದದ್ದಕ್ಕೆ.

ಅಣ್ಣ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ನನ್ನ ದೂರಿಗೆ ನಿಮ್ಮ ಉತ್ತರವೂ ಬಂತು. ರೋಗಿಯು ಚಳಿಗಾಲದ ಮಟ್ಟಿಗೆ ಆಸ್ಪತ್ರೆಯ ಸಮೀಪ ವಾಸಿಸುವುದು ಸೂಕ್ತವಂತೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಕೇ? ಇಲ್ಲಿ ಚಳಿಗಾಲವೆಂದರೆ ವರ್ಷದ ಮುಕ್ಕಾಲು ಪಾಲು. ಅಷ್ಟು ದಿನ ಅವನು ಪರರ ಊರಿನ ಬಾಡಿಗೆ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂರಬೇಕೇ? ಅದು ಆಗದಿದ್ದರೆ "ನಿಯಮಬದ್ಧ ವಾಹನ" ಒದಗಿಸುವುದಾಗಿ ಬರೆದಿರಿ, ಒದಗಿಸಿದಿರಿ ಕೂಡ. ಹೊಳೆಯುವ ಬಿಳಿ ಎಸ್‌ಯುವಿ, ಟೈರಿನಲ್ಲಿ ಚೌಕಟ್ಟು ಹೇಳಿದಷ್ಟೇ ಗಾಳಿ. ಗ್ರಾಹೈದಿಯ ಮೊದಲ ಏರಿನಲ್ಲೇ ಕುಳಿತುಬಿಟ್ಟಿತು. ರಾಜಧಾನಿಯಿಂದ ಬಂದ ಚಾಲಕ ಬಹಳ ಸಭ್ಯ ಮನುಷ್ಯ.

"ಒಂಚೂರು ಗಾಳಿ ಬಿಡಪ್ಪಾ, ಪುಣ್ಯ ಬರತ್ತೆ," ಎಂದ ಅಣ್ಣ.

"ಹಂಗೆ ಮಾಡೋ ಹಾಗಿಲ್ಲ. ಕೆಲ್ಸ ಹೋಗತ್ತೆ."

"ನಿನ್ನ ಕೆಲ್ಸ ಉಳೀಲಿ ಬಿಡು. ನಾನು ಹೋಗ್ತೀನಿ."

ರೈತನೊಬ್ಬ ಟ್ರ್ಯಾಕ್ಟರಿನಲ್ಲಿ ನಮ್ಮನ್ನು ಹಿಂದಕ್ಕೆಳೆದು ತಂದ. ಮರುದಿನ ಅಣ್ಣನನ್ನು ಒಯ್ಯಲು ಹೆಲಿಕಾಪ್ಟರ್ ಬರಬೇಕಾಯಿತು. ನಾಲ್ಕು ಟೈರಿನ ಗಾಳಿ ಉಳಿಸಲು ಹೆಲಿಕಾಪ್ಟರ್ ಹಾರಿಸುವ ಆಡಳಿತ ಜಗತ್ತಿನಲ್ಲಿ ಇನ್ನೆಲ್ಲಾದರೂ ಇದೆಯೇ? ಇನ್ನೊಂದು ಸರದಿ ತಪ್ಪಿದರೆ ಹೃದಯ ತಾಳುವುದಿಲ್ಲ ಎಂದು ವೈದ್ಯೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ನನಗೆ ಭಯವಾಗಿದೆ, ಮಾನ್ಯರೇ. ಈ ಕಾಗದದ ಸಿಟ್ಟಿನ ಬುಡದಲ್ಲಿರುವುದು ಅದೇ.

ಹಾಗಾಗಿ ಇದು ಬೇಡಿಕೆ, ಬಿನ್ನಹವಲ್ಲ. ಆ ಚೀಟಿ ತೆಗೆಸಿ. ಸುತ್ತೋಲೆಯಲ್ಲಿ "ಸರ್ವ ಮಾರ್ಗ"ದ ಮುಂದೆ "ಹಿಮದ ಹೊರತು" ಎಂದು ಸೇರಿಸಿ. ಎರಡು ಪದ ಬರೆಯಲು ನಿಮಗೆ ಎಷ್ಟು ಹೊತ್ತು ಬೇಕೋ ಕಾಣೆ. ನನ್ನ ಅಣ್ಣನಿಗೆ ಅಷ್ಟು ಹೊತ್ತಿಲ್ಲ.

ಟ್ರಕ್ಕು ರಸ್ತೆಗಿಳಿದರೆ ಒಡ್ಡುರ್‌ನ ಲೈಸೆನ್ಸ್ ರದ್ದಾಗುತ್ತದೆಂದು ಹೇಳಿಕಳಿಸಿದ್ದೀರಿ. ಅವನಿಗೆ ತಿಳಿಸಿದೆ. "ಹೋಗ್ಲಿ ಬಿಡು ಸ್ಟೇನುನ್, ಮೀನು ಕೊಯ್ಯೋಕೆ ಲೈಸೆನ್ಸ್ ಬೇಕಾಗಿಲ್ಲ," ಎಂದು ಕಾಫಿ ಮುಗಿಸಿ ಎದ್ದ.

ಬರುವ ಮಂಗಳವಾರ ಬೆಳಿಗ್ಗೆ ಅಣ್ಣನ ಸರದಿಗೆ ನಾವು ಅದೇ ಟ್ರಕ್ಕಿನಲ್ಲಿ ಹೊರಡುತ್ತೇವೆ. ನಿಮ್ಮ ಚೀಟಿ ಗಾಜಿನ ಮೇಲೇ ಇರುತ್ತದೆ, ಗುರುತಿಗೆ ಅನುಕೂಲ. ಬೆಟ್ಟದ ಬುಡದಲ್ಲಿ ಗಾಳಿ ಬಿಡುತ್ತೇವೆ. ನಮ್ಮನ್ನು ಹಿಡಿಯಲು ಧಾರಾಳವಾಗಿ ಬನ್ನಿ. ಆದರೆ ನಾವಿರುವಲ್ಲಿಗೆ ತಲುಪಬೇಕಾದರೆ ನಿಮ್ಮ ಟೈರಿನ ಗಾಳಿಯನ್ನೂ ಬಿಡಬೇಕಾಗುತ್ತದೆ.

ಇಂತಿ,
ನಿಯಮದ ಪ್ರಕಾರ ಮನೆಯಲ್ಲೇ ಸುರಕ್ಷಿತವಾಗಿ ಸಾಯಬೇಕಾದವನ ತಂಗಿ,
ಸ್ಟೇನುನ್