ಅಲ್ಪವಿರಾಮ

ಫೆಬ್ರವರಿ 3, ಸೋಮವಾರ

ಕುರ್ಚಿ ಇವತ್ತೂ ಕಿರುಗುಟ್ಟಿತು. ಎಡಕ್ಕೆ ತಿರುಗಿದರೆ ಒಂದು ರಾಗ, ಬಲಕ್ಕೆ ತಿರುಗಿದರೆ ಇನ್ನೊಂದು. ಆಸ್ಪತ್ರೆಯ ಸಮಾಜಕಾರ್ಯ ವಿಭಾಗದಲ್ಲಿ ಮುಖ್ಯಸ್ಥೆಯಾದ ನನಗೆ ಎದುರು ಮಾತಾಡುವ ಧೈರ್ಯ ಇರುವುದು ಇದೊಂದಕ್ಕೇ.

ತಲೆ ಮೇಲಿರುವ ಕೆಲಸ: ಕಾಲೇಜಿನಿಂದ ಫೀಲ್ಡ್ ವರ್ಕಿಗೆ ಬಂದ ಹುಡುಗಿಯ ಮೌಲ್ಯಮಾಪನ. 28ಕ್ಕೆ ಅವಳ ಮೇಷ್ಟ್ರು ಬರುತ್ತಾರೆ. ಅಷ್ಟರೊಳಗೆ ಫಾರಂ ತುಂಬಿ ಕಳಿಸಬೇಕು.

ಹುಡುಗಿಗೆ ನಾನಿಟ್ಟ ಹೆಸರು ಕುಮಾರಿ ಅಲ್ಪವಿರಾಮ. ಪ್ರತಿ ಮಾತಿನ ನಡುವೆ ಒಂದು ನಿಲುಗಡೆ. "ಗುಡ್... ಮಾರ್ನಿಂಗ್ ಮೇಡಂ." ಗುಡ್ಡಿನಿಂದ ಮಾರ್ನಿಂಗಿಗೆ ಬರುವಷ್ಟರಲ್ಲಿ ಮಧ್ಯಾಹ್ನ. ಹೋದ ವರ್ಷ ಬೇರೆ ಸಂಸ್ಥೆಯಲ್ಲಿ ಫೇಲಾಗಿದ್ದಾಳೆ; ಕಾರಣ, "ಮಾತನಾಡುವುದಿಲ್ಲ." ಈ ಸಲವೂ ಫೇಲಾದರೆ ಕೋರ್ಸಿನಿಂದಲೇ ಹೊರಗೆ. ಅಲ್ಪವಿರಾಮ ಹೋಗಿ ಪೂರ್ಣವಿರಾಮ.

(ಜೋಕು ಚೆನ್ನಾಗಿದೆ. ಯಾರಿಗೂ ಹೇಳುವಂತಿಲ್ಲ.)

ಮೂರನೇ ವಾರ್ಡಿನ ಬಸ್ ಡ್ರೈವರನ್ನು ಅವಳಿಗೆ ಒಪ್ಪಿಸಿದೆ. ಅಪಘಾತದಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ಹೋಗಿದೆ. ಗಾಯ ಒಣಗಿ ಎಷ್ಟೋ ದಿನವಾಯಿತು. ಮನೆಗೆ ಹೋಗಿ ಅಂದರೆ ಗೋಡೆ ಕಡೆ ತಿರುಗಿಕೊಳ್ಳುತ್ತಾರೆ. ಕೃತಕ ಕಾಲಿಗೆ ಅಳತೆ ಕೊಡಿ ಅಂದರೂ ಗೋಡೆ. ಡಾಕ್ಟರ್ ಕೇಳಿದರು, ನರ್ಸ್ ಕೇಳಿದರು, ಹೆಂಡತಿ ಅತ್ತುಕೊಂಡು ಕೇಳಿದರು. ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟಿಲ್ಲ. ಮೆಟ್ಟಿಲಿನ ಭಯ ಅಂತ ನನ್ನ ಊಹೆ. ನಾನು ಕೇಳಿದಾಗ ಅವರು ಹೇಳಿದ್ದು:

"ರೈಟ್ ರೈಟ್ ಅಂತ ಎರಡು ಸಲ ಅಂದ್ರೇನೇ ಅಮ್ಮ ಬಸ್ ಹೊರಡೋದು. ನಂಗೆ ಉಳ್ದಿರೋದು ಒಂದೇ ರೈಟು."

ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಂಥ ಶ್ಲೇಷೆಗಾರ ಹಾಸಿಗೆ ಹಿಡಿದಿರುವುದು ಭಾಷೆಗೇ ನಷ್ಟ.

ಹುಡುಗಿಗೆ ಹೇಳಿದೆ: "ಮನೆಗೆ ಯಾಕೆ ಹೋಗಲ್ಲ ಅಂತ ನೇರವಾಗಿ ಕೇಳು. ಬಾಯಿ ಬಿಟ್ಟು ಕೇಳು."

"ಆಯ್ತು... ಮೇಡಂ."

ಫೆಬ್ರವರಿ 5, ಬುಧವಾರ. ಸಂಜೆ

ಮನೆಯಲ್ಲಿ ಇವರ ಕಿವಿ ಕೈ ಕೊಟ್ಟಿದೆ. ಟಿವಿ ಎಷ್ಟು ಜೋರೆಂದರೆ ಪಕ್ಕದ ಮನೆಯವರು ತಮ್ಮ ಟಿವಿ ಮಾರಬಹುದು.

"ರೀ, ಕಿವಿ ತೋರಿಸ್ಕೊಂಡು ಬನ್ನಿ."

"ಎರಡೂ ಎದುರಿಗೇ ಇದೆಯಲ್ಲೇ, ನೋಡ್ಕೋ."

ಹೇಳೋರು ಕೇಳೋರು ಇಲ್ಲದ ಮನೆ ಅನ್ನುತ್ತಾರಲ್ಲ. ನಮ್ಮಲ್ಲಿ ಹೇಳೋಳಿಗೆ ಬರವಿಲ್ಲ.

ಫೆಬ್ರವರಿ 7, ಶುಕ್ರವಾರ

ಮೂರನೇ ವಾರ್ಡಿನ ಬಾಗಿಲಲ್ಲಿ ನಿಂತು ಕದ್ದು ನೋಡಿದೆ. (ಫಾರಮಿನಲ್ಲಿ ಇದಕ್ಕೆ "ನೇರ ಅವಲೋಕನ" ಅನ್ನುತ್ತಾರೆ.) ಮಂಚದ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ಅಲ್ಪವಿರಾಮ. ಇಬ್ಬರೂ ಕಿಟಕಿಯಿಂದ ಕೆಳಗಿನ ಪಾರ್ಕಿಂಗ್ ನೋಡುತ್ತಿದ್ದಾರೆ. ಡ್ರೈವರ್ ಯಾರಿಗೋ ಬೈದರು: "ರಿವರ್ಸ್ ಹಾಕೋಕೆ ಬರಲ್ಲ, ಕಾರ್ ಬೇರೆ ಕೇಡು ನನ್ಮಗಂಗೆ." ಅವಳು ತಲೆಯಾಡಿಸಿದಳು. ಅಷ್ಟೆ. ನನ್ನ ಕಾಲು ಜೋಮು ಹಿಡಿಯುವ ತನಕ ಅಷ್ಟೆ.

ನನಗೆ ತಡೆಯಲಿಲ್ಲ. ಒಳಗೆ ನುಗ್ಗಿ ನಾಲ್ಕು ಪ್ರಶ್ನೆ ಎಸೆದು ಬರೋಣ ಅನ್ನಿಸಿತು. ಬಂದು ಕುರ್ಚಿಯಲ್ಲಿ ಕೂತೆ. ಎದ್ದೆ. ಮತ್ತೆ ಕೂತೆ. ಕುರ್ಚಿ ತನ್ನ ಅಭಿಪ್ರಾಯ ಹೇಳಿತು.

ಫೆಬ್ರವರಿ 10, ಸೋಮವಾರ

ವಾರದ ಚರ್ಚೆ.

"ಡ್ರೈವರನ್ನ ಕೇಳಿದ್ಯೋ ಇಲ್ವೋ?"

"ಕೇಳ್ದೆ... ಹೇಳಿದ್ರು ಮೇಡಂ."

ಅಬ್ಬ! ಕಲ್ಲು ಕರಗಿತು. "ಮೆಟ್ಟಿಲು ತಾನೇ?"

"ಮೆಟ್ಟಿಲಲ್ಲ ಮೇಡಂ. ಪಾದ..."

"ಪಾದ ನೋವಾ? ಹೋದ ಪಾದ ಇದ್ದ ಹಾಗೇ ನೋಯೋದು, ತುಂಬ ಜನಕ್ಕೆ ಆಗುತ್ತೆ ಅದು. ಫಿಸಿಯೋಗೆ ನಾನು ಹೇಳ್ತೀನಿ ಬಿಡು."

"ಅದಲ್ಲ... ಅವರ ಮಗಳನ್ನ, ಮೇಡಂ..."

ಫೋನು. ಹೊರರೋಗಿ ವಿಭಾಗದಲ್ಲಿ ಯಾರೋ ಗಲಾಟೆ ಮಾಡುತ್ತಿದ್ದಾರೆ, ಬನ್ನಿ ಅಂತ. ಓಡಿದೆ. ಬರುವಷ್ಟರಲ್ಲಿ ಅವಳು ಕಾಲೇಜಿನ ಬಸ್ಸು ಹಿಡಿದಿದ್ದಳು.

ಸಂದರ್ಶನ ಕೌಶಲ: ಹತ್ತಕ್ಕೆ ಏಳು. ನನ್ನ ತರಬೇತಿಗೆ ಒಂಬತ್ತು.

ಫೆಬ್ರವರಿ 13, ಗುರುವಾರ

ನೋವು ಹೇಗಿದೆ ಅಂತ ವಿಚಾರಿಸಲು ಹೋದೆ.

"ಯಾವ ನೋವಮ್ಮ?" ಅಂದರು ಡ್ರೈವರ್.

"ಪಾದದ್ದು. ನಮ್ಮ ಹುಡುಗಿ ಕೇಳಿದಾಗ ಹೇಳಿದ್ರಂತಲ್ಲ."

"ಯಾರು, ಸ್ಟೂಲಮ್ಮನಾ? ಅವ್ಳು ಏನೂ ಕೇಳಿಲ್ವಲ್ಲ. ಒಂದಿನಾನೂ ಏನೂ ಕೇಳಿಲ್ಲ. ಅದಕ್ಕೇ..."

ಅದಕ್ಕೇ ಏನು ಅಂತ ನಿಲ್ಲಲಿಲ್ಲ. ಕೇಳಿಲ್ಲ! ನನ್ನ ಎದುರಿಗೇ "ಕೇಳ್ದೆ" ಅಂದಳಲ್ಲ ಪುಣ್ಯಾತ್ಗಿತ್ತಿ. ಮಾತೇ ಆಡದವಳು ಆಡಿದ ಒಂದು ಮಾತೂ ಸುಳ್ಳೇ?

ಊಟ ರುಚಿಸಲಿಲ್ಲ. ಇವರು "ಏನಾಯ್ತೇ?" ಅಂದರು. ಹೇಳಿದೆ. "ಹ್ಞಾ?" ಅಂದರು. ಮತ್ತೆ ಹೇಳುವ ಚೈತನ್ಯ ಇರಲಿಲ್ಲ.

ಫೆಬ್ರವರಿ 14, ಶುಕ್ರವಾರ

ಕರೆದು ಕೂರಿಸಿದೆ.

"ಡ್ರೈವರನ್ನ ನೀನು ಕೇಳಿದ್ಯಾ?"

"ಇಲ್ಲ ಮೇಡಂ."

"ಸೋಮವಾರ ಕೇಳ್ದೆ ಅಂದ್ಯಲ್ಲ?"

"ಹೌದು ಮೇಡಂ. ಕೇಳ್ದೆ..."

"ಇಲ್ಲ ಅಂತೀಯ, ಕೇಳ್ದೆ ಅಂತೀಯ! ಬಾಯಲ್ಲಿರೋದು ನಾಲಿಗೇನೋ ಜೋಕಾಲೀನೋ?"

ಅವಳು ಬಾಯಿ ತೆರೆದಳು. ಉಸಿರೆಳೆದುಕೊಂಡಳು. ಆ ಉಸಿರು ಮುಗಿಯುವ ತನಕ ಕಾಯಲು ನನಗೇನು ಪಿಂಚಣಿ ಬರುತ್ತದೆಯೇ?

"ಸಾಕು. ಹೋಗು."

ಹೋದಳು. ಬಾಗಿಲು ಹಾಕಿದ ಸದ್ದೂ ಆಗಲಿಲ್ಲ.

ವೃತ್ತಿ ಪ್ರಾಮಾಣಿಕತೆ: ಸೊನ್ನೆ. ಈ ಕಾಲಮಿನಲ್ಲಿ ಸೊನ್ನೆ ಬಿದ್ದರೆ ಮಿಕ್ಕ ಅಂಕಗಳೆಲ್ಲ ಲೆಕ್ಕಕ್ಕಿಲ್ಲ, ಸೀದಾ ಫೇಲು. ಷರಾ ಬರೆದೆ: "ಕೇಳದೆ, ಕೇಳಿದೆನೆಂದು ವರದಿ ಮಾಡಿದ್ದಾಳೆ." ಪ್ರಾಸ ಚೆನ್ನಾಗಿ ಕೂತಿತು. ಮೇಷ್ಟ್ರಿಗೆ ಮೇಲ್ ಮಾಡಿಬಿಟ್ಟೆ.

ಫೆಬ್ರವರಿ 15, ಶನಿವಾರ

ಬೀರು ಜೋಡಿಸಿದೆ. ಜೋಡಿಸಿದ್ದನ್ನು ಕೆಡವಿ ಮತ್ತೆ ಜೋಡಿಸಿದೆ. ಸರಿಯಾದದ್ದನ್ನೇ ಮಾಡಿದ್ದೇನೆ. ಸರಿಯಾದದ್ದನ್ನು ಮಾಡಿದವರು ಬೀರು ಎರಡು ಸಲ ಜೋಡಿಸುತ್ತಾರೆಯೇ?

ಫೆಬ್ರವರಿ 20, ಗುರುವಾರ

ಈ ವಾರವಿಡೀ ಹುಡುಗಿಯ ಪತ್ತೆಯಿಲ್ಲ. ಫೋನ್ ಸ್ವಿಚ್ ಆಫ್. ಡ್ರೈವರ ಹೆಂಡತಿ ಕಾರಿಡಾರಿನಲ್ಲಿ ನಿಲ್ಲಿಸಿದರು: "ಮೇಡಂ, ಆ ಮಗು ಯಾಕೆ ಬರ್ತಿಲ್ಲ? ಇವ್ರು ಬೆಳಗ್ಗೆಯಿಂದ ಬಾಗಿಲು ನೋಡ್ತಾರೆ." ಏನೋ ಹೇಳಿ ಜಾರಿಕೊಂಡೆ.

ಮನೆಗೆ ಬಂದರೆ ಬೀಗ. ಇವರಿಲ್ಲ. ಫೋನ್ ಮಾಡಿದರೆ ಅದು ಮನೆಯೊಳಗೇ ಬಡಿದುಕೊಳ್ಳುತ್ತಿದೆ. ಬೀದಿಯ ಕೊನೆಗೂ ಬಾಗಿಲಿಗೂ ಓಡಾಡಿ ಚಪ್ಪಲಿ ಸವೆಸಿದೆ. ಕತ್ತಲಾಗುವ ಹೊತ್ತಿಗೆ ಠೀವಿಯಿಂದ ಬಂದರು. ಕಿವಿಯಲ್ಲಿ ಹುರುಳಿಕಾಳಿನಷ್ಟು ಯಂತ್ರ.

ಸಿಡಿದೆ. "ಹೇಳ್ದೆ ಕೇಳ್ದೆ ಎಲ್ಲಿಗ್ರೀ ಹೋಗಿದ್ರಿ?"

"ಮೆಲ್ಲಗೆ ಮಾತಾಡೇ, ಈಗ ಎಲ್ಲಾ ಕೇಳ್ಸುತ್ತೆ. ನಿಂಗೆ ಹೇಳಿದ್ರೆ ನಾಲ್ಕು ಜೋಕ್ ಮಾಡ್ತೀಯ. ಅದಕ್ಕೇ ಹೇಳ್ದೆ ಹೋದೆ."

ಆ ಮಾತನ್ನೇ ಬಾಯಲ್ಲಿ ತಿರುಗಿಸಿ ನೋಡಿದೆ.

ಹೇಳ್ದೆ ಹೋದೆ. ಹೇಳದೆ ಹೋದೆ. ಹೇಳ್ದೆ ಕೇಳ್ದೆ...

ಕೇಳ್ದೆ ಹೇಳಿದ್ರು.

ಅಯ್ಯೋ ದೇವರೇ. ಅವಳು "ಕೇಳಿದೆ, ಹೇಳಿದರು" ಅಂದಿರಲಿಲ್ಲ. "ಕೇಳದೆ ಹೇಳಿದರು" ಅಂದಿದ್ದಳು. ನಾನು ಕೇಳದೇನೇ ಅವರಾಗಿ ಹೇಳಿದರು ಅಂತ. ನಡುವೆ ಅವಳದೊಂದು ಉಸಿರು. ಅದನ್ನು ನಾನು ಅಲ್ಪವಿರಾಮ ಮಾಡಿಕೊಂಡೆ. ಶುಕ್ರವಾರವೂ ಅದನ್ನೇ ಹೇಳಹೊರಟಿದ್ದಳು. ಕೇಳಿಲ್ಲ ಅನ್ನುವುದೂ ನಿಜ, ಕೇಳ್ದೆ ಅನ್ನುವುದೂ ನಿಜ. ಶ್ಲೇಷೆಯಲ್ಲೇ ಹುಟ್ಟಿ ಶ್ಲೇಷೆಯಲ್ಲೇ ಬೆಳೆದವಳು ನಾನು. ಷರಾದಲ್ಲಿ "ಕೇಳದೆ, ಕೇಳಿದೆ" ಅಂತ ಎರಡನ್ನೂ ಅಕ್ಕಪಕ್ಕ ಕೂರಿಸಿ, ಪ್ರಾಸಕ್ಕೆ ಬೀಗಿದವಳು!

"ಯಾಕೇ ಬಿಳಿಚಿಕೊಂಡೆ? ಬಿಲ್ಲು ಅಷ್ಟೇನಿಲ್ಲ," ಅಂದರು ಇವರು.

ಫೆಬ್ರವರಿ 21, ಶುಕ್ರವಾರ

ಮೂರನೇ ವಾರ್ಡು. ಸ್ಟೂಲು ಖಾಲಿ ಇತ್ತು. ಕೂತೆ. ಏನೂ ಕೇಳಬಾರದು ಅಂತ ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ನಾಲಿಗೆ ಹಲ್ಲಿನ ಹಿಂದೆ ಕಟ್ಟಿಹಾಕಿದ ನಾಯಿಯಂತೆ ಎಳೆದಾಡಿತು.

"ಏನಮ್ಮ, ಹುಷಾರಿಲ್ವಾ?" ಅಂದರು ಡ್ರೈವರ್.

ತಲೆಯಾಡಿಸಿದೆ. ಕಿಟಕಿ ನೋಡಿದೆವು. ಒಂದು ಕಾರು ಎರಡು ಕಾರಿನ ಜಾಗದಲ್ಲಿ ನಿಂತಿತ್ತು. ಬೈದರು. ನಾನೂ ಸೇರಿಕೊಂಡು ಬೈದೆ. ಮತ್ತೆ ಸುಮ್ಮನೆ. ನರ್ಸ್ ಬಂದು ಹೋದರು. ಬಿಸಿಲು ಮಂಚದಿಂದ ಕೆಳಗಿಳಿಯಿತು.

ಅವರೇ ಶುರು ಮಾಡಿದರು.

"ಮಗಳಿಗೆ ಐದು ವರ್ಷ. ಡ್ಯೂಟಿ ಮುಗಿಸ್ಕೊಂಡು ಹೋದ್ರೆ ನನ್ನ ಎರಡೂ ಪಾದದ ಮೇಲೆ ಹತ್ತಿ ನಿಲ್ಲೋಳು. ಬೆಲ್ಟು ಹಿಡ್ಕೊಂಡು ರೈಟ್ ರೈಟ್ ಅನ್ನೋಳು. ಅಡುಗೆಮನೆಯಿಂದ ಬಾಲ್ಕನಿ ತನಕ ನಾನೇ ಬಸ್ಸು, ಅವ್ಳೇ ಕಂಡಕ್ಟರ್. ಈಗ ಹೋದ್ರೆ ಓಡ್ಬರ್ತಾಳಮ್ಮ. ಬಂದು ಕೆಳಗೆ ನೋಡ್ತಾಳೆ. ಎಲ್ಲಿ ನಿಲ್ಲೋದು ಅಂತ ನೋಡ್ತಾಳಲ್ಲ... ಆ ಒಂದು ಗಳಿಗೆ ನಂಗೆ ಬೇಡ."

ಒಂದೇ ರೈಟು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಇದಕ್ಕೆ.

"ಸ್ಟೂಲಮ್ಮಂಗೆ ಹೇಳಿದ್ದೆ. ಮಗಳನ್ನ ಇಲ್ಲಿಗೇ ಕರ್ಸೋಣ್ವಾ, ಮೊದಲು ಇಲ್ಲಿ ನೋಡ್ಲಿ ಅಂದ್ಳು. ಮಕ್ಕಳನ್ನ ವಾರ್ಡಿಗೆ ಬಿಡಲ್ವಂತಲ್ಲ, ಮೇಡಂ ಹತ್ರ ಪರ್ಮಿಷನ್ ತಗೋತೀನಿ ಅಂತ ಹೋದೋಳು ಬರ್ಲೇ ಇಲ್ಲ."

ಅವರ ಮಗಳನ್ನ, ಮೇಡಂ... ಅಂದಿದ್ದಳು ಅವತ್ತು. ಆಗ ಫೋನು.

ಪರ್ಮಿಷನ್ನಿಗೆ ಸಹಿ ಮಾಡಿದೆ.

ಫೆಬ್ರವರಿ 23, ಭಾನುವಾರ

ರಜೆಯಾದರೂ ಹೋದೆ. ಡ್ರೈವರ್ ಮಂಚದ ಅಂಚಿನಲ್ಲಿ ಕೂತು ಬಲಗಾಲು ನೆಲಕ್ಕೂರಿದ್ದರು. ಮಗು ಓಡಿ ಬಂತು. ಕೆಳಗೆ ನೋಡಿತು. ಇಡೀ ವಾರ್ಡು ಕೆಳಗೆ ನೋಡಿತು. ಆಮೇಲೆ ಚಪ್ಪಲಿ ಬಿಟ್ಟು, ಅಪ್ಪನ ಮಂಡಿ ಹಿಡಿದುಕೊಂಡು, ಇದ್ದ ಒಂದು ಪಾದದ ಮೇಲೇ ಎರಡೂ ಕಾಲು ಒತ್ತಿ ನಿಂತಿತು.

"ಇವತ್ತು ತುಂಬಾ ರಶ್ಶು," ಅಂದಿತು.

ಡ್ರೈವರ್ ನಕ್ಕರೋ ಅತ್ತರೋ ಗೊತ್ತಿಲ್ಲ. ನಾನು ಫೈಲು ಕೊಟ್ಟುಬರುವ ನೆಪದಲ್ಲಿ ಹೊರಗೆ ಬಂದೆ. ಕೈಯಲ್ಲಿ ಫೈಲೇ ಇರಲಿಲ್ಲ.

ಇದನ್ನು ನೋಡಬೇಕಾದವಳು ನೋಡಲಿಲ್ಲ.

ಫೆಬ್ರವರಿ 24, ಸೋಮವಾರ

ಮೇಷ್ಟ್ರಿಗೆ ಫೋನ್. ಎಲ್ಲ ಹೇಳಿದೆ. ಆ ಕಡೆ ಮೊದಲು ನಗು, ಆಮೇಲೆ ನಗು ನಿಂತಿತು.

"ಮೇಡಂ, ಸೊನ್ನೆ ತೆಗೀಬಹುದು. ಇಪ್ಪತ್ತೆಂಟಕ್ಕೆ ನನ್ನೆದುರು ತಪ್ಪು ನನ್ನದು ಅಂತ ನೀವು ಹೇಳ್ಬೇಕು, ನಡೆದದ್ದನ್ನ ಅವಳೂ ಹೇಳ್ಬೇಕು. ಆದ್ರೆ ಹುಡುಗಿ ಕೋರ್ಸ್ ಬಿಡ್ತೀನಿ ಅಂತಿದಾಳೆ. ಅವಳು ಬರದಿದ್ರೆ ಫೇಲು ಹಾಗೇ ಉಳಿಯುತ್ತೆ."

ಫೆಬ್ರವರಿ 25, ಮಂಗಳವಾರ

ಹಾಸ್ಟೆಲ್ಲಿಗೆ ಹೋದೆ. ಕೆಳಗಿನ ಕೋಣೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ. ಅವಳ ಕೈಯಲ್ಲಿ ನಮ್ಮ ಆಸ್ಪತ್ರೆಯ ಗುರುತಿನ ಚೀಟಿ, ವಾಪಸ್ ಕೊಡಲು.

"ಕೇಳ್ದೆ ಹೇಳಿದ್ರು ಅಂದ್ರೆ... ನೀನು ಕೇಳದೇನೇ ಅವರು ಹೇಳಿದ್ರು ಅಂತ ತಾನೇ?"

"ಹೌದು ಮೇಡಂ." ಆಶ್ಚರ್ಯದಿಂದ ನೋಡಿದಳು. "ಮತ್ತೆ... ಇನ್ನೇನು?"

ಇನ್ನೇನು! ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಮಾತೆಲ್ಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿತು. "ತಪ್ಪಾಯ್ತಮ್ಮ," ಅಂದೆ. ಜೋಕು ಸೇರಿಸಲಿಲ್ಲ. ಮಗುವಿನ ವಿಷಯ ಹೇಳಿದೆ. ರಶ್ಶಿನ ಮಾತು ಕೇಳಿ ಅವಳು ಮುಖ ಆ ಕಡೆ ತಿರುಗಿಸಿದಳು.

"ಇಪ್ಪತ್ತೆಂಟಕ್ಕೆ ಬರ್ತೀಯಾ? ಹನ್ನೊಂದು ಗಂಟೆಗೆ."

"ನೋಡ್ತೀನಿ... ಮೇಡಂ."

ಚೀಟಿಯನ್ನು ನನ್ನ ಕೈಗೆ ಕೊಡಲೂ ಇಲ್ಲ, ಕೊರಳಿಗೆ ಹಾಕಿಕೊಳ್ಳಲೂ ಇಲ್ಲ.

ಫೆಬ್ರವರಿ 28, ಶುಕ್ರವಾರ. ಬೆಳಗ್ಗೆ

ಕಚೇರಿಯ ಹೊರಗಿನ ಬೆಂಚು. ಒಳಗೆ ಕೂತರೆ ಕುರ್ಚಿ ಕಿರುಗುಟ್ಟಿ ಪ್ರಾಣ ತಿನ್ನುತ್ತದೆ. ಮೇಷ್ಟ್ರು ಇನ್ನೂ ಬಂದಿಲ್ಲ. ಅವಳೂ ಬಂದಿಲ್ಲ. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೇನೆ. ಯಾರೋ ನನ್ನನ್ನು ರೋಗಿ ಅಂತ ತಿಳಿದು ಚೀಟಿ ಮಾಡಿಸಿದ್ರಾ ಅಂತ ಕೇಳಿದರು.

ಬಂತು. ಗಾಲಿಕುರ್ಚಿ. ಕೂತವರು ಡ್ರೈವರ್. ತಳ್ಳುತ್ತಿರುವವಳು... ಬಂದಿದ್ದಾಳೆ! ಮೊದಲು ವಾರ್ಡಿಗೆ ಹೋಗಿ ಆಮೇಲೆ ಇಲ್ಲಿಗೆ. ಗುರುತಿನ ಚೀಟಿ ಕೊರಳಲ್ಲಿದೆ.

"ಕಾಲಿನ ಅಳತೆಗೆ ಹೊರಟೆ ಅಮ್ಮ," ಅಂದರು ಡ್ರೈವರ್. "ಕಂಡಕ್ಟರ್ ಆರ್ಡರ್ ಆಗಿದೆ. ಶೂ ದೊಡ್ಡ ಸೈಜಿಂದೇ ಬೇಕಂತೆ, ನಿಲ್ಲೋಕೆ ಜಾಗ ಸಾಲಲ್ವಂತೆ."

ಅವರನ್ನು ಬಿಟ್ಟು ಬಂದು ಈಗ ನನ್ನ ಪಕ್ಕ ಕೂತಿದ್ದಾಳೆ. ಮೇಷ್ಟ್ರ ಕಾರು ಪಾರ್ಕಿಂಗಿಗೆ ಬಂದದ್ದು ಕಿಟಕಿಯಿಂದ ಕಾಣುತ್ತಿದೆ. ರಿವರ್ಸ್ ಬರುವುದಿಲ್ಲ ಅವರಿಗೂ.

"ಮೇಡಂ, ಒಂದು ಮಾತು..." ಅಂದು ನಿಲ್ಲಿಸಿದಳು.

ಏನಿರಬಹುದು? ನನ್ನ ಬಾಯಲ್ಲಿ ಆಗಲೇ ಮೂರು ಉತ್ತರ ಸಾಲಾಗಿ ನಿಂತಿವೆ. ಅವು ಹೊರಗೆ ಬೀಳದಿರಲಿ ಅಂತಲೇ ಹೀಗೆ ಗೀಚುತ್ತಿರುವುದು. ಅವಳು ಉಸಿರೆಳೆದುಕೊಂಡಳು. ಹೇಳುತ್ತಾಳೆ ಈಗ. ಬರೆಯುತ್ತಾ ಕೇಳಲಾಗುವುದಿಲ್ಲ, ಪೆನ್ನು ಮುಚ್ಚಿ,