ಸ್ವಾತಂತ್ರ್ಯಕ್ಕೆ ನೂರಕ್ಕೆಷ್ಟು ಅಂಕ

ಹನ್ನೆರಡನೆಯ ತಾರೀಖು, ಸೋಮವಾರ
ನನ್ನ ಕೋಣೆಯಿಂದ

ಪ್ರೀತಿಯ ಗೆಳತಿಗೆ,

ನಾನು ಕ್ಷೇಮ, ನೀನೂ ನಿನ್ನ ಮೊಣಕಾಲುಗಳೂ ಕ್ಷೇಮವೆಂದು ಭಾವಿಸುತ್ತೇನೆ. ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ಇದು ಆಲಸ್ಯವಲ್ಲವೆಂದು, ಶಿಕ್ಷಕರ ಕೊಠಡಿಯಲ್ಲಿ ಅರ್ಧ ಆಯುಷ್ಯ ನನ್ನೆದುರಿಗೇ ಕುಳಿತ ನಿನಗೆ ಹೇಳಬೇಕಾಗಿಲ್ಲ. ಸಿಟ್ಟು ಇಳಿಯುವವರೆಗೆ ಲೇಖನಿ ಹಿಡಿಯಬಾರದೆಂದು ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ, ಹಿಡಿದಿದ್ದೇನೆ.

ಶಾಲೆಯವರು ಹಳೆಯ ಸಾಮಾನು ಮಾರಿದಾಗ ನಾನು ಕೊಂಡು ತಂದ, ಮೂಲೆ ಮುರಿದ ಕಪ್ಪುಹಲಗೆ ನಿನಗೆ ನೆನಪಿರಬೇಕು. ನನ್ನ ಕೋಣೆಗೆ ಮನೆಯ ಹಿಂಬದಿಯ ಅಂಗಳದಿಂದ ಪ್ರತ್ಯೇಕ ಬಾಗಿಲಿದೆ. ಅಲ್ಲಿ ಸಂಜೆ ನಾಲ್ಕಾರು ಮಕ್ಕಳಿಗೆ ಭಾಷಾಪಾಠ ಹೇಳಿ, ನನ್ನ ಕೈಖರ್ಚನ್ನು ನಾನೇ ಸಂಪಾದಿಸಬೇಕೆಂಬುದು ನನ್ನ ಹಂಬಲ. ಮಗನಿಗೆ ತಿಳಿಸಿದೆ. "ಏನಮ್ಮಾ, ಮಗ ಅನ್ನ ಹಾಕ್ತಿಲ್ಲ ಅಂತ ಗೇಟಿಗೆ ಬೋರ್ಡ್ ಹಾಕ್ತೀಯಾ?" ಎಂದ. ಮಾತು ಅಲ್ಲಿಗೆ ಮುಗಿಯಿತೆಂದು ಅವನ ಎಣಿಕೆ. ನಾನು ಬೀದಿಯ ಇಬ್ಬರು ತಾಯಂದಿರನ್ನು ಕಂಡು, ಬುಧವಾರದಿಂದ ಮಕ್ಕಳನ್ನು ಕಳುಹಿಸಿರೆಂದೆ. ಸಂತೋಷದಿಂದಲೇ ಒಪ್ಪಿದರು. ಬುಧವಾರ ಬಂತು, ಮಕ್ಕಳು ಬರಲಿಲ್ಲ. ಸೀಮೆಸುಣ್ಣ ಹಿಡಿದು ಕತ್ತಲಾಗುವವರೆಗೆ ಬಾಗಿಲಲ್ಲಿ ಕುಳಿತಿದ್ದೆ.

ನಿನ್ನೆ ಆ ಹಲಗೆ ನಡುಮನೆಗೆ ಸಾಗಿತು. ಹೆಂಚಿನ ಅಂಗಡಿಯ ಪರವಾನಗಿಗಾಗಿ ಕಚೇರಿಯವರು ನನ್ನ ಸುಪುತ್ರನನ್ನು ಕೊಂಚ ಅಲೆದಾಡಿಸಿದರು. ಅಷ್ಟಕ್ಕೇ ಅವನೊಳಗೆ ಸ್ವಾತಂತ್ರ್ಯವೀರನೊಬ್ಬ ಎದ್ದು ಕುಳಿತಿದ್ದಾನೆ. ಮನುಷ್ಯ ಬಾಳುವುದಕ್ಕೂ ದುಡಿಯುವುದಕ್ಕೂ ಅತ್ಯಂತ ಹೆಚ್ಚು ಸ್ವಾತಂತ್ರ್ಯವಿರುವ ರಾಜ್ಯ ಯಾವುದೆಂದು ತೀರ್ಮಾನಿಸಿ, ವ್ಯಾಪಾರವನ್ನು ಅಲ್ಲಿಗೇ ಸಾಗಿಸುತ್ತಾನಂತೆ. ವಾದಕ್ಕೆ ಜೊತೆಗಾರ, ಸೊಸೆಯ ಅಣ್ಣ, ವಕೀಲ. ನ್ಯಾಯಾಲಯದಲ್ಲಿ ಬಾಯಿ ಬಿಡಲು ಅವಕಾಶ ಸಿಗದವರು ನೆಂಟರ ಮನೆಯಲ್ಲಿ ಬಿಡುತ್ತಾರೆ.

"ಕಡಲ ಕಡೆ ರಾಜ್ಯಾನೇ ಸರಿ ಭಾವ," ಎಂದ ಮಗ. "ಬೆಳಿಗ್ಗೆ ಅರ್ಜಿ ಹಾಕು, ಸಂಜೆ ಅಂಗಡಿ ಬಾಗಿಲು ತೆಗಿ. ಯಾವನಪ್ಪಣೆಯೂ ಬೇಡ."

"ಅಲ್ಲಿ ಸಂಜೆ ರಸ್ತೇಲಿ ಸುಮ್ನೆ ನಿಂತ್ರೂ ಪೊಲೀಸ್ನೋರು ಯಾಕೆ ಅಂತಾರೆ. ಬೆಟ್ಟದ ಕಡೆ ರಾಜ್ಯ ನೋಡಿ. ತಲೆಕೆಳಗಾಗಿ ನಡೆದ್ರೂ ಕೇಳೋರಿಲ್ಲ."

"ಕೇಳೋರೂ ಇಲ್ಲ, ಕೊಳ್ಳೋರೂ ಇಲ್ಲ ಬಿಡಿ!"

ಈ ಇಬ್ಬರು ಮಹನೀಯರೂ ಆ ರಾಜ್ಯಗಳನ್ನು ಕಂಡಿರುವುದು ಅಂಗೈಯಗಲದ ಫೋನಿನಲ್ಲಿ. ವ್ಯಕ್ತಿಸ್ವಾತಂತ್ರ್ಯಕ್ಕೆ ಐವತ್ತು, ಆರ್ಥಿಕ ಸ್ವಾತಂತ್ರ್ಯಕ್ಕೆ ಐವತ್ತು ಅಂಕವೆಂದು ನಿಶ್ಚಯವಾಯಿತು. ಬರೆದುಕೊಳ್ಳಲು ನಾನು. "ಅಮ್ಮನ ಅಕ್ಷರ ಮುತ್ತಿನ ಹಾಗಿದೆ," ಎಂದು ಮಗ ಹಲ್ಲುಕಿರಿದ. ಮುತ್ತು ಬೇಕು, ಚಿಪ್ಪು ಬಾಯಿ ತೆರೆಯಬಾರದು.

ಅಷ್ಟರಲ್ಲಿ ಸೊಸೆ ಚಹಾ ತಂದಳು. "ರೀ, ನನ್ನ ಗೆಳತಿ ನಾಳೆ ಹೊಲಿಗೆ ಅಂಗಡಿ ಶುರು ಮಾಡ್ತಿದಾಳೆ. ಹೋಗಿ ಬರ್ಲಾ?"

"ಆಮೇಲೆ ನೋಡೋಣ. ಇಲ್ಲಿ ಮುಖ್ಯವಾದ ಮಾತು ನಡೀತಿದೆ, ಕಾಣಲ್ವಾ?"

ಅಣ್ಣನಾದವನು ಚಹಾಕ್ಕೆ ಸಕ್ಕರೆ ಸಾಲದೆಂದ.

ಗೆಳತಿ, ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಬಾರಿ ವಿವರಿಸಿದ್ದೇನೋ! ಉದಾಹರಣೆಯನ್ನು ನಾನೇ ಹೆತ್ತಿದ್ದೇನೆಂದು ತಿಳಿದಿರಲಿಲ್ಲ. ರಾಜ್ಯಗಳ ಕೆಳಗೆ ಇನ್ನೊಂದು ಸಾಲು ಸೇರಿಸಿ, 'ಈ ಮನೆ' ಎಂದು ಬರೆದು, ಎರಡೂ ಕಡೆ ದುಂಡನೆಯ ಸೊನ್ನೆ ಸುತ್ತಿದೆ.

"ಭಾವ, ಫೇಲಾಗ್ಬಿಟ್ರಿ!" ಎಂದು ವಕೀಲ ತೊಡೆ ತಟ್ಟಿ ನಕ್ಕ.

ಮಗ ನಗಲಿಲ್ಲ. ಎದ್ದು ಬಂದು ಅಂಗೈಯಿಂದ ಆ ಸಾಲನ್ನು ಒರೆಸಿದ. "ತಮಾಷೆ ಸಾಕಮ್ಮಾ. ಮನೆ ಏನು ರಾಜ್ಯಾನಾ?"

"ಅಲ್ಲಪ್ಪಾ," ಎಂದೆ. "ರಾಜ್ಯ ಸರಿಬೀಳದಿದ್ದರೆ ಗಡಿ ದಾಟಿ ಹೋಗಬಹುದು."

ಅವನು ಕೈಗಂಟಿದ ಬಿಳಿಯನ್ನು ಪಂಚೆಗೆ ಉಜ್ಜಿಕೊಂಡು, ಕಡಲ ರಾಜ್ಯಕ್ಕೆ ಐದು ಅಂಕ ಹೆಚ್ಚಿಸಿದ. ನನ್ನ ಕೈಯಿಂದ ಜಾರಿದ ಸೀಮೆಸುಣ್ಣವನ್ನು ಸೊಸೆ ಹೆಕ್ಕಿ, ಯಾರಿಗೂ ಕಾಣದಂತೆ ನನ್ನ ಮುಷ್ಟಿಯೊಳಗಿಟ್ಟಳು. ಇಂದು ಯಾರನ್ನೂ ಕೇಳದೆ ಹೊಲಿಗೆ ಅಂಗಡಿಗೆ ಹೋಗಿದ್ದಾಳೆ. ಮಗ ಸಂಜೆ ಬಂದು ವಿಚಾರಿಸಿದರೆ, ನಾನು ಕಳುಹಿಸಿದೆನೆಂದು ಹೇಳುವವಳಿದ್ದೇನೆ.

ನಿನ್ನ ಮೊಮ್ಮಗಳಿಗೆ ನನ್ನ ಆಶೀರ್ವಾದ. ಯಾವ ರಾಜ್ಯದಲ್ಲಿದ್ದರೂ ತನ್ನ ಬಾಗಿಲಿಗೆ ತಾನೇ ಹಲಗೆ ತೂಗುಹಾಕುವಷ್ಟು ಅವಳು ಬೆಳೆಯಲಿ.

ಇಂತು ನಿನ್ನ,
ಎದುರು ಮೇಜಿನವಳು

ವಿ. ಸೂ.: ಇದನ್ನು ಕೊನೆಗೆ ಬರೆಯುತ್ತಿರುವುದು ಮರೆತಿದ್ದರಿಂದಲ್ಲ. ಇಂದು ಬೆಳಿಗ್ಗೆ ಆ ತಾಯಂದಿರಲ್ಲೊಬ್ಬಳು ತಿರುವಿನಲ್ಲಿ ಸಿಕ್ಕಳು. ನನ್ನ ಕೈ ಹಿಡಿದು, ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ, "ಟೀಚರ್, ಮನೆ ದಾರಿ ಗೊತ್ತಾಗುತ್ತಾ? ಬಿಟ್ಟು ಬರ್ಲಾ?" ಎಂದಳು. ಬುಧವಾರ ಮಕ್ಕಳು ಬಂದಿದ್ದರಂತೆ. "ಅಮ್ಮನಿಗೆ ಮರೆವಿನ ಕಾಯಿಲೆ, ಏನೇನೋ ಹೇಳ್ತಾರೆ, ಮನಸ್ಸಿಗೆ ಹಚ್ಕೋಬೇಡಿ," ಎಂದು ನನ್ನ ಮಗನೇ ಗೇಟಿನಿಂದ ಹಿಂದಕ್ಕೆ ಕಳುಹಿಸಿದನಂತೆ. ಈಗ ಬೀದಿಯೆಲ್ಲ ನನ್ನನ್ನು ಕನಿಕರದಿಂದ ನೋಡುತ್ತಿದೆ.

ಈ ಪತ್ರವನ್ನು ಮತ್ತೆ ಮತ್ತೆ ಓದಿದೆ. ತಪ್ಪು ಕಾಣಲಿಲ್ಲ. ಕಾಣದಿರುವುದೇ ಕಾಯಿಲೆಯಾಗಿದ್ದರೆ ನನಗೆ ತಿಳಿಯುವುದು ಹೇಗೆ? ನೀನು ಓದು. ನಿನ್ನ ಕೆಂಪು ಶಾಯಿಗೆ ಎಂದೂ ದಯೆಯಿರಲಿಲ್ಲ, ಈಗಲೂ ಬೇಡ. ತಪ್ಪಿದ್ದಲ್ಲಿ ಗೆರೆ ಎಳೆದು ಕಳುಹಿಸು. ಇಲ್ಲವಾದರೆ ಕೆಳಗೆ ಸಹಿ ಮಾಡಿ ಕಳುಹಿಸು, ಗೇಟಿಗೆ ಅಂಟಿಸುತ್ತೇನೆ.