ಸೂಜಿಕೋಣೆಯಲ್ಲಿ ಹರಾಜು

ಅಡುಗೆಮನೆಯ ಮೇಜು,
ಬುಧವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯೇ? ಕಾಲಿನ ಬಾವು ಇಳಿಯಿತೇ? ಹೆರಿಗೆಯವರೆಗೂ ಓಡಾಟ ಬೇಡವೆಂದು ಡಾಕ್ಟರು ಹೇಳಿದ ಮೇಲೆ ಸುಮ್ಮನೆ ಮಲಗಿರು, ಅಳಿಯಂದಿರ ಅಡುಗೆಗೆ ಮೂಗು ಮುರಿಯದೆ ತಿನ್ನು. ಈ ಸುದ್ದಿಯನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈಚೆಗೆ ಅಪ್ಪ ಕಿವಿ ನೆಟ್ಟಗೆ ಮಾಡಿಕೊಂಡು ಪಕ್ಕದಲ್ಲೇ ಕೂತಿರುತ್ತಾರೆ, ಹೇಳಬೇಡವೆಂದು ಕಣ್ಣಲ್ಲೇ ಗದರುತ್ತಾರೆ. ಈಗ ಅವರಿಗೆ ಜೊಂಪು ಹತ್ತಿದೆ, ಅದಕ್ಕೇ ಈ ಕಾಗದ.

ಲಕ್ವ ಹೊಡೆದ ಮೇಲೆ ಬಲಗೈ ಅಷ್ಟಿಷ್ಟು ದಾರಿಗೆ ಬಂದರೂ ಅಪ್ಪನ ಬಾಯಿಂದ ಒಂದು ಪದ ಹೊರಟಿರಲಿಲ್ಲ. ಇಡೀ ತರಕಾರಿ ಮಂಡಿಗೆ ಕೇಳುವಂತೆ ಹರಾಜು ಕೂಗುತ್ತಿದ್ದ ಮನುಷ್ಯ. ನೀನು ಫೋನ್ ಮಾಡಿದಾಗಲೆಲ್ಲ ಅವರು ಎದ್ದು ಹೋಗುತ್ತಿದ್ದುದು ನಿನ್ನ ಮೇಲಿನ ಸಿಟ್ಟಿಗಲ್ಲ ಕಣೇ, ನಿನ್ನ ಹೆಸರು ನಾಲಿಗೆಗೆ ಬಾರದ ನಾಚಿಕೆಗೆ.

ಸೂಜಿ ಚಿಕಿತ್ಸೆ ಎಂದಾಗ ನೀನು "ಅಪ್ಪ ಏನು ಗುಂಡುಸೂಜಿ ಚುಚ್ಚಿಡೋ ದಿಂಬಾ?" ಎಂದು ಹಾರಾಡಿದ್ದೆಯಲ್ಲ. ನಾನೇನು ಯಾರನ್ನೂ ಕೇಳದೆ ಹೋದವಳಲ್ಲ. ದೊಡ್ಡ ಡಾಕ್ಟರೇ ಅಪ್ಪನ ಮಾತ್ರೆಗಳ ವಿಷಯವನ್ನೆಲ್ಲ ಸೂಜಿ ಡಾಕ್ಟರಮ್ಮನಿಗೆ ತಿಳಿಸಿ, "ಜೊತೆಗೆ ಮಾಡಿಸಿ, ಬದಲಿಗೆ ಬೇಡ. ಮಾತ್ರೆ, ವ್ಯಾಯಾಮ, ಮಾತಿನ ಪಾಠ ಒಂದೂ ತಪ್ಪಬಾರ್ದು" ಎಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದು.

ಮೊನ್ನೆ ಶುಕ್ರವಾರ ಡಾಕ್ಟರಮ್ಮ ಕೂದಲೆಳೆಯಂಥ ಸೂಜಿಗಳನ್ನು ಅಪ್ಪನ ಕೈಗೆ ಚುಚ್ಚುತ್ತ, ಮಗುವನ್ನು ರಮಿಸುವ ಹಾಗೆ "ಇದು ಒಂದು, ಇದು ಎರಡು..." ಎಂದರು. ಅಪ್ಪನ ಎದೆ ಉಬ್ಬಿತು. "ಎರಡು ಸಾರಿ... ಮೂರು ಸಾರಿ!" ಎಂದು ಮಂಡಿಯ ಗಂಟಲಿನಲ್ಲೇ ಕೂಗಿ, ಎಡಗೈಯಿಂದ ಮಂಚದ ಅಂಚಿಗೆ ರಪ್ಪನೆ ಬಡಿದರು. ಪರದೆಯ ಆಚೆ ಮಲಗಿದ್ದ ಮುದುಕರೊಬ್ಬರು "ಯಾರಿಗೆ ಹೋಯ್ತು?" ಎಂದು ಕೇಳಿದರು. ನಾನು ನಗುತ್ತ ನಗುತ್ತಲೇ ಅತ್ತುಬಿಟ್ಟೆ. ಅಪ್ಪನೂ ನಕ್ಕರು. ಬಾಯಿ ಇನ್ನೂ ಒಂದು ಕಡೆಗೆ ವಾಲುತ್ತದೆ, ಆದರೂ ಎಷ್ಟು ಚೆಂದ ಕಂಡರು ಅಂತೀ.

ಮಾತು ಕಲಿಸುವ ಹುಡುಗಿಗೂ ಖುಷಿಯೋ ಖುಷಿ. ವರ್ಷಾನುಗಟ್ಟಲೆ ರೂಢಿಯಾದ ಕೂಗು, ಹಾಡು ಇಂಥವು ಬೇರೆ ಮಾತಿಗಿಂತ ಮೊದಲು ಮರಳುವುದುಂಟಂತೆ, ಇನ್ನು ಮೇಲೆ ಪಾಠವೆಲ್ಲ ಆ ರಾಗದಲ್ಲೇ ಅಂತೆ. ಮನೆಯಲ್ಲಿ ಈಗ ನೀರು, ದಿಂಬು, ಚಪ್ಪಲಿ ಎಲ್ಲವೂ ಹರಾಜಿಗೆ ಬಿದ್ದಿವೆ. ಇದೆಲ್ಲ ಸೂಜಿಯ ಮಹಿಮೆ ಎಂದು ಕೈ ಮುಗಿಯಹೋದರೆ ಡಾಕ್ಟರಮ್ಮ, "ನನ್ನೊಬ್ಬಳ ತಲೆಗೆ ಕಟ್ಬೇಡಿ, ಎಲ್ರೂ ಕೈ ಹಾಕಿದೀವಿ" ಎಂದರು. ಯಾರಿಂದಾದರೇನು, ನನಗಂತೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ, ಒಳಗಿರುವ ಪುಟಾಣಿಗೆ ಅಜ್ಜಿಯದೊಂದು ಮುತ್ತು.

ನಿನ್ನ
ಅಮ್ಮ

ತಾ.ಕ.: ಅಪ್ಪ ಎದ್ದರು, ಬೇಗ ಮುಗಿಸುತ್ತೇನೆ. ಭಾನುವಾರ ನೀನು ಫೋನ್ ಮಾಡಿದಾಗ ಎತ್ತುವುದು ನಾನಲ್ಲ. ಅಪ್ಪ ದಿನಾ ಬಚ್ಚಲಿನ ಬಾಗಿಲು ಹಾಕಿಕೊಂಡು ನಿನ್ನ ಹೆಸರನ್ನೇ ಅಭ್ಯಾಸ ಮಾಡುತ್ತಿದ್ದಾರೆ, ನನಗೆ ಕೇಳಿಸುವುದು ಅವರಿಗೆ ಗೊತ್ತಿಲ್ಲ. ಇನ್ನೂ ಅರ್ಧಕ್ಕೇ ನಿಲ್ಲುತ್ತದೆ. ಆ ಕಡೆಯಿಂದ ಏನೂ ಕೇಳಿಸದಿದ್ದರೆ ಫೋನ್ ಇಟ್ಟುಬಿಡಬೇಡ ಮಗಳೇ. ಅವರು ಉಸಿರು ತೆಗೆದುಕೊಳ್ಳುತ್ತಿರುತ್ತಾರೆ.